ಹುಲ್ಲಿನ ಕೆಳಗಿನ ಹೊಲ

ಹುಬ್ಬಳ್ಳಿಯಲ್ಲಿ ಗದಗ ರಸ್ತೆಯ ಕಡೆ ಮನೆ ಕಟ್ಟಿದವರಿಗೆ ಖರೀದಿ ಪತ್ರದಲ್ಲಿ ಬರೆಯದ ಒಂದು ಆಸ್ತಿ ಪುಕ್ಕಟೆ ಬರುತ್ತದೆ. ಅದು ಎರೆಮಣ್ಣು. ಬಡಾವಣೆಗೆ ಯಾವ ದೇವರ ಹೆಸರನ್ನೇ ಇಡಿ, ಕಮಾನಿಗೆ ಯಾವ ಬಣ್ಣವನ್ನೇ ಬಳಿಯಿರಿ, ಕೆಳಗಿರುವುದು ಮೊನ್ನೆ ಮೊನ್ನೆಯವರೆಗೆ ಹತ್ತಿ, ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಹೊಲ. ಅದು ಎನ್.ಎ., ಅಂದರೆ ಕೃಷಿಯೇತರ ಜಮೀನು ಆದ ಸಂಗತಿ ಕಚೇರಿಯ ಕಾಗದಕ್ಕೆ ಗೊತ್ತು. ಹೊಲಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೇಸಿಗೆ ಬಂತೆಂದರೆ ಅದು ಹಳೆಯ ರೂಢಿಯಂತೆ ಬಾಯಿ ಬಿಡುತ್ತದೆ. ನಮ್ಮ ಅಂಗಳದ ಬಿರುಕುಗಳಲ್ಲಿ ಮೊಮ್ಮಗನ ಗೋಲಿಗಳು, ನನ್ನ ಪೆನ್ನಿನ ಟೋಪಿ, ಒಂದು ಚಮಚ, ಹೀಗೆ ಏನೇನೋ ಭೂಗತವಾಗಿವೆ. ಮೃಗಶಿರ ಮಳೆಯ ಹೊತ್ತಿಗೆ ಅದೇ ನೆಲ ಉಬ್ಬಿ ಬಾಯಿ ಮುಚ್ಚಿಕೊಂಡು, ಅಂಗಳಕ್ಕೆ ಇಳಿದವರ ಚಪ್ಪಲಿಗಳನ್ನು ಜಪ್ತಿ ಮಾಡುತ್ತದೆ. ಪಡಸಾಲೆಯ ಗೋಡೆಯಲ್ಲೊಂದು ಸೀಳಿದೆ. ಶಿವರಾತ್ರಿ ದಾಟಿದ ಮೇಲೆ ತೆರೆಯುತ್ತದೆ, ಶ್ರಾವಣದಲ್ಲಿ ಮುಚ್ಚುತ್ತದೆ. ಪಂಚಾಂಗ ನೋಡದೆಯೇ ತಿಂಗಳು ಹೇಳಬಹುದು.

ಇಂಥ ಅಂಗಳದಲ್ಲಿ ಒಂದಿಷ್ಟು ಹಸಿರಿರಲಿ ಎಂದು ನನ್ನ ಹೆಂಡತಿಗೆ ಅನ್ನಿಸಿದ್ದು ಸಹಜ. ನಿಜವಾದ ಹುಲ್ಲನ್ನೇ ಬೆಳೆಸಬಹುದಿತ್ತು. ಎರೆಯಲ್ಲಿ ಕಸುವಿಗೇನೂ ಕೊರತೆಯಿಲ್ಲ. ಕೊರತೆ ನೀರಿನದು. ದಿನಗಟ್ಟಲೆ ಕಾಯಿಸಿ ಬರುವ ನಲ್ಲಿ ನೀರನ್ನು ಕೊಡ, ಬಕೆಟ್ಟು, ಟಾಕಿಗಳಲ್ಲಿ ತುಂಬಿಟ್ಟುಕೊಳ್ಳುವ ಊರಿನಲ್ಲಿ, ಪೈಪು ಹಿಡಿದು ಹುಲ್ಲಿಗೆ ನೀರುಣಿಸುತ್ತ ನಿಲ್ಲುವ ಧೈರ್ಯ ಯಾರಿಗಿದೆ? ಓಣಿಯ ಹೆಂಗಸರ ಕಣ್ಣಿಗೆ ಬಿದ್ದರೆ ಮುಗಿಯಿತು. ಹಾಗಾಗಿ ಪ್ಲಾಸ್ಟಿಕ್ ಹುಲ್ಲಿನ ಮಾತು ಬಂತು. ನವಲಗುಂದದ ಕಡೆ ಜೀವಮಾನವೆಲ್ಲ ಒಕ್ಕಲುತನ ಮಾಡಿ, ಈಗ ಹೊಲವನ್ನು ಲಾವಣಿಗೆ ಕೊಟ್ಟು ನಮ್ಮ ಜೊತೆ ಇರುವ ಕಾಕಾ, ಅಂಗಡಿಯವನು ಕೊಟ್ಟ ತುಣುಕನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. “ಇದನ್ನ ಯಾವ ಎಮ್ಮಿ ತಿಂತೈತಿ?” ಎಂದು ಕೇಳಿದರು. ಯಾವುದೂ ತಿನ್ನುವುದಿಲ್ಲ ಎಂದೆ. “ಮತ್ತ ಹುಲ್ಲು ಅಂತ ಯಾಕ ಕರೀತೀರಿ?” ಎಂದು ಒಳಗೆ ಹೋದರು.

ನಮಗಿಂತ ಮೊದಲು ಪಕ್ಕದ ಮನೆಯವರು ಹಾಸಿಸಿದ್ದರು. ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ಒಂದು ಗಾಡಿ ಬಂತು. ಇಬ್ಬರು ಹುಡುಗರು ಬಿರುಕುಗಳ ಮೇಲೆ ಒಂದಿಷ್ಟು ಉಸುಕು ಚೆಲ್ಲಿ, ಕಾಲಲ್ಲಿ ಸವರಿ, ಸುರುಳಿ ಬಿಚ್ಚಿ, ಅಂಚಿಗೆ ಮೊಳೆ ಹೊಡೆದು ಮಧ್ಯಾಹ್ನದ ಊಟಕ್ಕೆ ಮೊದಲೇ ಎದ್ದು ಹೋದರು. ನೋಡಲು ಚೆಂದವಿತ್ತು, ಸುಳ್ಳು ಹೇಳಬಾರದು. ಓಣಿಯವರೆಲ್ಲ ಬಂದು ಬರಿಗಾಲಲ್ಲಿ ನಡೆದು ನೋಡಿದರು. ನೀರು ಇಳಿಯಲು ಹಾಸಿನ ತಳದಲ್ಲಿ ರಂಧ್ರಗಳಿವೆ ಎಂದು ಮಾರಿದವನು ಹೇಳಿದ್ದ. ಅದೂ ಸುಳ್ಳಲ್ಲ. ಹಾಸಿನ ಬೆನ್ನಿಗೆ ಬಳಿದ ಲೇಟೆಕ್ಸ್ ಪದರದಲ್ಲಿ ಗೇಣಿಗಿಂತ ಕಡಿಮೆ ಅಂತರಕ್ಕೊಂದು ತೂತು ಇದ್ದೇ ಇರುತ್ತದೆ. ತೂತಿನಿಂದ ಇಳಿದ ನೀರು ಆಮೇಲೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಮೇ ತಿಂಗಳ ಮೊದಲ ಅಡ್ಡಮಳೆಗೆ ಏನೂ ಆಗಲಿಲ್ಲ. ನೀರು ಸರಸರ ಇಳಿದುಹೋಯಿತು. ಪಕ್ಕದವರು ಕಾಂಪೌಂಡಿನ ಮೇಲಿಂದ ನನ್ನನ್ನು ಕರೆದು ತೋರಿಸಿದರು. ಎರೆಮಣ್ಣಿನ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಣಗಿದ ಎರೆಯಲ್ಲಿ ಮೊದಲ ನೀರು ಬಿರುಕು ಹಿಡಿದು ಪಾತಾಳಕ್ಕೆ ಇಳಿಯುತ್ತದೆ. ಆ ನೀರು ಕುಡಿದ ಮಣ್ಣು ಉಬ್ಬಿ ಬಿರುಕು ಮುಚ್ಚಿತೋ, ಆಮೇಲೆ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲು ಒಪ್ಪುವುದಿಲ್ಲ. ಜೂನ್ ಹಿಡಿದ ಮೇಲೆ ಹಸಿರು ಹಾಸು ನೀರಿನ ಮೇಲೆ ತೇಲಿತು. ಕಾಲಿಟ್ಟಲ್ಲಿ ಪಚಕ್ ಎಂದು ಪಕ್ಕದಲ್ಲಿ ಬುಗ್ಗೆ ಏಳುತ್ತಿತ್ತು. ಉಬ್ಬಿದ ಮಣ್ಣು ಮೊಳೆಗಳನ್ನು ಎತ್ತಿ ಹಾಕಿತು, ಕೀಲು ಬಿಟ್ಟ ಕಡೆಯಲ್ಲೆಲ್ಲ ಕಪ್ಪು ಕೆಸರು ಮೇಲೆ ಬಂತು. ಮೊದಲು ಹಾಕಿದ್ದ ಉಸುಕು ಮಣ್ಣಿನಲ್ಲಿ ಕಲಸಿಹೋಗಿ ಇಲ್ಲವಾಯಿತು. ನಾಯಿ ಸಾಕಿದವರ ಮನೆ ಬೇರೆ. ಪಂಚಮಿಯ ಹೊತ್ತಿಗೆ ಅಲ್ಲಿಂದ ಬರುತ್ತಿದ್ದ ವಾಸನೆಗೆ ನಮ್ಮ ಕಿಟಕಿ ಹಾಕಿಕೊಂಡೇ ಉಂಡಿ ಕಟ್ಟಿದೆವು.

ಎರೆಮಣ್ಣು ಹೀಗೆ ಉಬ್ಬುವುದಕ್ಕೆ ಕಾರಣ ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಸವೆದು ಹುಟ್ಟಿದ್ದು. ಸೂಕ್ಷ್ಮವಾಗಿ ನೋಡಿದರೆ ಅದು ಒಂದರ ಮೇಲೊಂದು ಪೇರಿಸಿಟ್ಟ ಖಡಕ್ ರೊಟ್ಟಿಗಳ ಹಾಗಿರುತ್ತದಂತೆ. ಪ್ರತಿ ಎರಡು ರೊಟ್ಟಿಗಳ ನಡುವೆ ನೀರು ನುಗ್ಗಿ ಇಡೀ ಅಟ್ಟಿಯನ್ನೇ ಎತ್ತರಿಸುತ್ತದೆ. ಒಣಗಿದಾಗ ಅಟ್ಟಿ ಕುಗ್ಗುತ್ತದೆ. ನವಲಗುಂದ, ಗದಗ, ವಿಜಯಪುರದ ರೈತನ ಅನ್ನವಿರುವುದು ಈ ಗುಣದಲ್ಲೇ. ಮುಂಗಾರಿನಲ್ಲಿ ಕುಡಿದ ನೀರನ್ನು ಎರೆ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಹಿಂಗಾರಿ ಬಿತ್ತನೆ ನಡೆಯುತ್ತದೆ. ಆಮೇಲೆ ಮಳೆ ಬರದಿದ್ದರೂ ಬಿಳಿಜೋಳ, ಕಡಲೆ, ಕುಸುಬಿ ಬರೀ ನೆಲದ ತೇವದಲ್ಲಿ ಕಾಳು ಕಟ್ಟುತ್ತವೆ. ಕಾಕಾನ ಪ್ರಕಾರ ಇದಕ್ಕಿಂತ ಒಳ್ಳೆಯ ಮಣ್ಣು ಜಗತ್ತಿನಲ್ಲಿಲ್ಲ. “ಅದರ ಮ್ಯಾಲ ಮನಿ ಕಟ್ಟಿದವರು ನೀವು. ಮಣ್ಣಿಗೆ ಯಾಕ ಬೈತೀರಿ?” ಎನ್ನುತ್ತಾರೆ. ಉತ್ತರವಿಲ್ಲ.

ಈ ಮಣ್ಣಿನ ಜೊತೆ ಗುದ್ದಾಡಿದವರಲ್ಲಿ ನಾವೇ ಮೊದಲಿಗರಲ್ಲ ಎಂಬುದು ಸಮಾಧಾನ. ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭಾ ಬಲದಂಡೆ ಕಾಲುವೆ ತೆಗೆದಾಗ, ಎರೆಭೂಮಿಯಲ್ಲಿ ಕಾಲುವೆಯ ಗೋಡೆ ಉಬ್ಬಿ ಒಡೆಯುವುದೇ ದೊಡ್ಡ ತಲೆನೋವಾಗಿತ್ತು. ಮುಂಬೈ ಐಐಟಿಯಲ್ಲಿದ್ದ ಪ್ರೊ. ಆರ್.ಕೆ. ಕಟ್ಟಿಯವರು ವರ್ಷಗಟ್ಟಲೆ ಪ್ರಯೋಗ ಮಾಡಿ ಒಂದು ಉಪಾಯ ಕೊಟ್ಟರು: ಎರೆಗೂ ಮೇಲಿನ ಹೊದಿಕೆಗೂ ನಡುವೆ, ಅಂಟು ಇದ್ದೂ ಉಬ್ಬದ ಗರಸಿನಂಥ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ಬಡಿದು ಕೂರಿಸುವುದು. ಎರೆಯಲ್ಲಿ ಕಾಲುವೆ ಕಟ್ಟುವವರಿಗಾಗಿ ಇರುವ ಭಾರತೀಯ ಮಾನಕ ಐಎಸ್ 9451ರಲ್ಲೂ ಈ ಪದರ ಜಾಗ ಪಡೆದಿದೆ. ನಮ್ಮ ನಲ್ಲಿಗೆ ಬರುವುದೂ ಮಲಪ್ರಭೆಯ ನೀರೇ. ಬರುವ ದಿನ ಅದನ್ನು ನೆನೆಯಬಹುದು.

ಪ್ಲಾಸ್ಟಿಕ್ ಹುಲ್ಲಿನ ಜಾತಕವನ್ನೂ ಸ್ವಲ್ಪ ನೋಡಬೇಕು. ಅದು ಹುಟ್ಟಿದ್ದೇ ಸೂರಿನ ಕೆಳಗೆ. 1964ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನ ಮೋಸೆಸ್ ಬ್ರೌನ್ ಶಾಲೆಯ ಒಳಾಂಗಣದಲ್ಲಿ ‘ಕೆಮ್‌ಗ್ರಾಸ್’ ಎಂಬ ಹೆಸರಿನಲ್ಲಿ ಹಾಸಿದರು. ಮರುವರ್ಷ ಹ್ಯೂಸ್ಟನ್ನಿನಲ್ಲಿ ಆಸ್ಟ್ರೋಡೋಮ್ ಎಂಬ ದೊಡ್ಡ ಮುಚ್ಚಿದ ಕ್ರೀಡಾಂಗಣ ಶುರುವಾಯಿತು. ಪಾರದರ್ಶಕ ಚಾವಣಿಯ ಬೆಳಕಿಗೆ ಆಟಗಾರರ ಕಣ್ಣು ಕುಕ್ಕಿ ಮೇಲೆ ಬಂದ ಚೆಂಡು ಕಾಣದಾಯಿತು. ಚಾವಣಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಒಳಗಿನ ನಿಜವಾದ ಹುಲ್ಲು ಸತ್ತಿತು. 1966ರಲ್ಲಿ ಪ್ಲಾಸ್ಟಿಕ್ ಬಂತು. ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಆ ಕಟ್ಟಡದಿಂದಲೇ. ಮಳೆಯ ಮುಖವನ್ನೇ ಕಾಣದ ಜಾಗಕ್ಕೆಂದು ಬೆಳೆದ ವಸ್ತುವನ್ನು ತಂದು, ನೀರು ಇಂಗಗೊಡದ ಮಣ್ಣಿನ ಮೇಲೆ ಹಾಸಿ, ಜೂನ್‌ಗೆ ಕಾಯುವವರು ನಾವು. ಹತ್ತು ವರ್ಷದ ಮೇಲೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಸಲ ಇಂಥ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಕಾಕಾನಿಗೆ ಪ್ಲಾಸ್ಟಿಕ್ ಹುಲ್ಲಿನ ಮೇಲಿರುವ ಸಿಟ್ಟಿನಲ್ಲಿ ಎಮ್ಮೆಯ ಪಾಲೆಷ್ಟು, ಹಾಕಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ನಮ್ಮ ಅಂಗಳ 20 ಅಡಿ ಉದ್ದ, 15 ಅಡಿ ಅಗಲ. 300 ಚದರ ಅಡಿ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಒಂದು ಇಂಚು ಮಳೆ ಬಿದ್ದರೆ ಅಷ್ಟರ ಮೇಲೆ 700 ಲೀಟರ್ ನೀರು ಬಂದು ಕೂರುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ನನಗೆ ಹುಲ್ಲಿನ ಬಣ್ಣ, ಎಳೆಯ ಉದ್ದ, ಎಲ್ಲವೂ ಮರೆತುಹೋದವು. ಅಷ್ಟು ನೀರಿಗೆ ದಾರಿ ಬೇಕು. ಬೆಂಗಳೂರಿನ ಅಳಿಯ ಫೋನಿನಲ್ಲಿ, “ಮಾವ, ಒಂದು ಇಂಗುಗುಂಡಿ ತೋಡಿಸಿಬಿಡಿ, ಅಲ್ಲೇ ಇಂಗುತ್ತೆ” ಎಂದ. ಕೆಂಪು ಮಣ್ಣಿನವರ ಮಾತು ಅದು. ಕಾಕಾ ಮಳೆಗಾಲದ ನಡುವೆ ಮೂಲೆಯಲ್ಲೊಂದು ಮೊಳದುದ್ದದ ಕುಣಿ ತೆಗೆಸಿ, ತುಂಬ ನೀರು ಹಾಕಿಸಿದ್ದರು. ಮರುದಿನ ಮುಂಜಾನೆ ಅದರಲ್ಲಿ ಗುಬ್ಬಿಯೊಂದು ಸ್ನಾನ ಮಾಡುತ್ತಿತ್ತು. ಅದರ ಚಿತ್ರ ತೆಗೆದು ಅಳಿಯನಿಗೆ ಕಳಿಸಿದೆ. ಎರೆಯಲ್ಲಿ ನೀರನ್ನು ಇಂಗಿಸುತ್ತೇನೆ ಎಂದು ಹೊರಡಬಾರದು, ಹೊರಗೆ ಕಳಿಸುತ್ತೇನೆ ಎಂದು ಹೊರಡಬೇಕು. ಒಡ್ಡಿಗೊಂದು ಕೋಡಿ ಬಿಡುವ ಒಕ್ಕಲಿಗರಿಗೆ ಇದು ಹೊಸ ವಿಷಯವೇ ಅಲ್ಲ.

ಕೆಲಸ ಯಾವಾಗ ಶುರು ಮಾಡಬೇಕೆಂದು ನಿರ್ಧರಿಸಿದ್ದೂ ಕಾಕಾನೇ. ಪೂರ್ತಿ ಒಣಗಿ ಬಿರಿದಿರುವಾಗ ಬಡಿದರೆ ಆಮೇಲೆ ನೀರು ಕುಡಿದು ಉಬ್ಬುತ್ತದೆ. ಹಸಿಯಿರುವಾಗ ಬಡಿದರೆ ರಾಡಿ. ಎರಡು ಅಡ್ಡಮಳೆ ಆಗಿ ಒಂದಿಷ್ಟು ಬಿಸಿಲು ಬೀಳುವವರೆಗೆ ಕಾದರು. ದಿನಾ ಮುಂಜಾನೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ, ಕೈ ಬಿಚ್ಚಿ ನೋಡುವರು. ಉಂಡೆಯಾಗಬೇಕು, ಆದರೆ ಅಂಗೈಗೆ ಅಂಟಬಾರದು. ಅಂಥ ದಿನ ಬಂದಾಗ “ಹದ ಬಂದೈತಿ, ಗೌಂಡಿನ್ನ ಕರಿ” ಎಂದರು. ಇಂಜಿನಿಯರುಗಳು ಇದನ್ನೇ ಪ್ರಯೋಗಶಾಲೆಯಲ್ಲಿ ತೂಕ ಮಾಡಿ, ಒಲೆಯಲ್ಲಿ ಒಣಗಿಸಿ ಕಂಡುಹಿಡಿಯುತ್ತಾರೆ.

ಹತ್ತು ಇಂಚು ಅಗೆಸಿದೆವು. ಬ್ರಾಸಿಗೆ ನೂರು ಘನ ಅಡಿಯಂತೆ ಎರಡೂವರೆ ಬ್ರಾಸ್ ಮಣ್ಣು. ಅಗೆದು ಹಾಕಿದ ಮೇಲೆ ಉಬ್ಬಿ ಮೂರು ದಾಟಿತು. ಅದನ್ನು ಎಲ್ಲಿ ಚೆಲ್ಲುವುದೆಂಬ ಪ್ರಶ್ನೆಗೆ ಯಾವ ಅಂದಾಜುಪಟ್ಟಿಯಲ್ಲೂ ಉತ್ತರವಿರುವುದಿಲ್ಲ. ಎರೆಮಣ್ಣನ್ನು ಮನೆ ಕಟ್ಟುವವರು ಯಾರೂ ಭರ್ತಿಗೆ ಮುಟ್ಟುವುದಿಲ್ಲ. ರಸ್ತೆಯ ಅಂಚಿನಲ್ಲಿ ಗುಡ್ಡೆ ಬಿದ್ದುಕೊಂಡೇ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಮುಂಚೆ ಓಣಿಯ ಮಕ್ಕಳು ಬುಟ್ಟಿ ತಂದು ಒಂದು ಮೂಲೆ ಖಾಲಿ ಮಾಡಿದರು. ಉಳಿದದ್ದನ್ನು ಅಣ್ಣಿಗೇರಿ ಕಡೆಯ ರೈತನೊಬ್ಬ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದ, ಡೀಸೆಲ್ ಖರ್ಚು ನಮ್ಮದು.

ಅಗೆದ ತಳವನ್ನೇ ಮೊದಲು ಇಳಿಜಾರು ಮಾಡಬೇಕು, ಮೇಲಿನ ಪದರದಲ್ಲಿ ಸರಿಪಡಿಸಿಕೊಳ್ಳುತ್ತೇವೆ ಎಂದರೆ ನಡೆಯುವುದಿಲ್ಲ. ನೀರು ಕೊನೆಗೆ ಬಂದು ಮುಟ್ಟುವುದು ತಳವನ್ನೇ. ಗೌಂಡಿ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು, ಮನೆಯ ಪಾಯದಿಂದ ಕಾಂಪೌಂಡಿನ ಕಡೆಗೆ 20 ಅಡಿಗೆ 3 ಇಂಚು ಇಳಿಸಿದ. ಬರೀ ಕಣ್ಣಿಗೆ ಅದು ಕಾಣುವುದಿಲ್ಲ, ಗೋಲಿಗೆ ಕಾಣುತ್ತದೆ. ಪಾಯದ ಕಡೆಗೆ ನೀರು ತಿರುಗಬಾರದು ಎಂಬುದು ನನ್ನ ಒಂದೇ ಹಠ. ಪಡಸಾಲೆಯ ಸೀಳಿಗೆ ಇನ್ನೊಂದು ಜೊತೆ ಬೇಡ. ಅದರ ಮೇಲೆ 4 ಇಂಚು ಗರಸು ಹಾಕಿ ಬಡಿಸಿದೆವು. ಕಟ್ಟಿಯವರ ಮೀಟರಿಗೆ ಇದು ಯಾವ ಮೂಲೆಗೆ? ಇದರಿಂದ ಉಬ್ಬು ಪೂರ್ತಿ ನಿಲ್ಲುವುದಿಲ್ಲ. ಆದರೆ ಸಿಮೆಂಟಾದರೆ ಒಡೆಯುತ್ತದೆ, ಈ ಹಾಸು ಅಷ್ಟಿಷ್ಟು ಏರುಪೇರನ್ನು ನುಂಗಿಕೊಳ್ಳುತ್ತದೆ.

ಗರಸಿನ ಮೇಲೆ ಜಿಯೋಟೆಕ್ಸ್‌ಟೈಲ್. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ದಪ್ಪ ಬಿಳಿ ಬಟ್ಟೆ. ಇಡೀ ಕೆಲಸದಲ್ಲಿ ಅತಿ ಅಗ್ಗದ್ದು, ಎಲ್ಲರೂ ಮೊದಲು ಬಿಟ್ಟುಬಿಡುವುದೂ ಇದನ್ನೇ. ಇದಿಲ್ಲದಿದ್ದರೆ ಕಾಲ್ತುಳಿತಕ್ಕೆ ಕೆಳಗಿನ ಜಿಗುಟು ಮೇಲೆ ಏರಿ, ಮೇಲೆ ಹಾಕುವ ಖಡಿಯ, ಅಂದರೆ ಜಲ್ಲಿಯ, ಕಲ್ಲುಗಳು ಕೆಳಗೆ ಇಳಿದು, ಎರಡು ಮಳೆಗಾಲದಲ್ಲಿ ಅದರ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಗೌಂಡಿಗೆ ಇದು ಶ್ರೀಮಂತರ ಚಟ ಅನ್ನಿಸಿತು. “ಮಣ್ಣಿಗೆ ಅರಿವಿ ಹೊಚ್ಚೂದು ನಾ ಎಲ್ಲೂ ನೋಡಿಲ್ರಿ ಸರ” ಎಂದ. ಹೊಚ್ಚಿಸಿದೆ.

ಅದರ ಮೇಲೆ 20 ಮಿಲಿಮೀಟರ್ ಖಡಿ, 4 ಇಂಚು. ಖಡಿಯಲ್ಲಿ ಪುಡಿ ಇರಬಾರದು. ಕ್ರಷರ್ ಪುಡಿ ಸೇರಿದ ಮಾಲು ಚೆನ್ನಾಗಿ ಕೂರುತ್ತದೆ, ಗಟ್ಟಿಯೂ ಆಗುತ್ತದೆ, ಆದರೆ ನೀರಿಗೆ ಜಾಗ ಉಳಿಯುವುದಿಲ್ಲ. ತೊಳೆದ ಬರೀ ಖಡಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಖಾಲಿ ಸಂದು. ಹೀಗೆ ನೋಡಿದರೆ ಆ ಒಂದು ಬ್ರಾಸ್ ಖಡಿಯ ಹೊಟ್ಟೆಯಲ್ಲಿ ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಸುತ್ತದೆ. ಒಂದೂವರೆ ಇಂಚಿನ ಜಡಿಮಳೆ ಒಮ್ಮೆಲೇ ಸುರಿದರೂ ಅದು ಕೆಳಗೇ ಅಡಗಿಕೊಂಡು ಸಾವಕಾಶ ಹೊರಗೆ ಹೋಗಬಹುದು. ನನಗೆ ಹುಲ್ಲಿಗಿಂತ ಈ ಲೆಕ್ಕವೇ ಹೆಚ್ಚು ಸುಖ ಕೊಟ್ಟಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಿಂದ ನೆಲದ ಕೆಳಗೆ ಪಂಪು ಇಟ್ಟು ನೀರನ್ನು ಎಳೆದು ಹಾಕುತ್ತಾರೆ, ಅಲ್ಲಿ ಮೇಲಿರುವುದು ನಿಜವಾದ ಹುಲ್ಲು. ಜನ ಹುಲ್ಲು ನೋಡುತ್ತಾರೆ, ನಾನೀಗ ಟಿವಿಯಲ್ಲಿ ಮಳೆ ನಿಂತ ಮೇಲಿನ ಅರ್ಧ ಗಂಟೆಯನ್ನು ನೋಡುತ್ತೇನೆ.

ಖಡಿಯ ತಳದಲ್ಲಿ, ಕಾಂಪೌಂಡಿನ ಉದ್ದಕ್ಕೆ ಒಂದು ಕಾಲುವೆ ತೋಡಿ 4 ಇಂಚಿನ ತೂತಿನ ಪೈಪು ಹಾಕಿದಾಗ ಜಗಳವಾಯಿತು. ತೂತುಗಳು ಮೇಲೆ ಮುಖ ಮಾಡಿರಬೇಕೆಂದು ಗೌಂಡಿ. “ನೀರು ಮ್ಯಾಲಿಂದ ಬೀಳ್ತೈತಿ ಅಲ್ರಿ?” ಅವನ ಮಾತಿನಲ್ಲಿ ತರ್ಕವಿತ್ತು. ಆದರೆ ಖಡಿಯೊಳಗೆ ಇಳಿದ ನೀರು ಮೊದಲು ತಳ ಸೇರಿ, ಅಲ್ಲಿಂದ ಮೇಲಕ್ಕೆ ತುಂಬುತ್ತ ಬರುತ್ತದೆ. ತೂತು ಮೇಲಿದ್ದರೆ ಪೈಪಿನ ಎತ್ತರದಷ್ಟು ನೀರು ನಿಂತ ಮೇಲೆಯೇ ಅದು ಕೆಲಸಕ್ಕೆ ಹತ್ತುವುದು. ನಾನು ಬಾಯಲ್ಲಿ ಹೇಳಿದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. ಕಾಕಾ ಒಂದು ಅಗಲ ಬಾಯಿಯ ಬಕೆಟ್ ತರಿಸಿ, ಪೈಪಿನ ತುಂಡನ್ನು ಅಡ್ಡ ಇಟ್ಟು, ಸುತ್ತ ಖಡಿ ತುಂಬಿ, ತಂಬಿಗೆಯಿಂದ ನೀರು ಸುರಿದು ತೋರಿಸಿದರು. ಗೌಂಡಿ ಬಕೆಟ್ ಒಳಗೆ ಇಣುಕಿದ, ಏನೂ ಅನ್ನದೆ ಹೋಗಿ ಪೈಪು ಹೊರಳಿಸಿದ. ಪೈಪಿಗೂ ಬಟ್ಟೆ ಸುತ್ತಿಸಿದೆವು. ಈ ಸಲ ಅವನು ತಕರಾರು ತೆಗೆಯಲಿಲ್ಲ. ಪೈಪಿನ ಮೇಲಿನ ತುದಿಗೆ ನೆಟ್ಟಗೆ ಒಂದು ತುಂಡು ನಿಲ್ಲಿಸಿ ಮುಚ್ಚಳ ಹಾಕಿಸಿದೆ, ಮುಂದೆಂದಾದರೂ ಕಟ್ಟಿಕೊಂಡರೆ ನೀರು ಬಿಟ್ಟು ತೊಳೆಯಲು.

ಇನ್ನು ಕೆಳಗಿನ ತುದಿ. ಎಲ್ಲರ ಯೋಜನೆ ಸೋಲುವುದು ಇಲ್ಲೇ. ಪೈಪು ಎಲ್ಲಿಗೋ ಹೋಗಿ ಮಣ್ಣಿನಲ್ಲಿ ಮುಗಿದರೆ ಅದು ಪೈಪಲ್ಲ, ನೆಲದಲ್ಲಿ ಹೂತ ಹಂಡೆ. ನಮ್ಮ ಪುಣ್ಯಕ್ಕೆ ಮೂಲೆಯಲ್ಲಿ ಬೀದಿಯ ಗಟಾರ ಅಂಗಳಕ್ಕಿಂತ ಎರಡು ಅಡಿ ತಗ್ಗಿನಲ್ಲಿದೆ. ಆದರೆ ಗಟಾರ ತುಂಬಿದ ದಿನ ಊರ ನೀರೆಲ್ಲ ಅದೇ ಪೈಪು ಹಿಡಿದು ನಮ್ಮ ಹುಲ್ಲಿನ ಕೆಳಗೆ ಬಿಡಾರ ಹೂಡಬಹುದಲ್ಲ? ಆದ್ದರಿಂದ ಬಾಯಿಗೆ ಒಂದು ಫ್ಲ್ಯಾಪ್ ವಾಲ್ವ್: ಒಳಗಿನ ನೀರು ನೂಕಿದರೆ ತೆರೆಯುವ, ಹೊರಗಿನದು ನೂಕಿದರೆ ಮುಚ್ಚುವ ಒಂದು ರೆಪ್ಪೆ.

ಹುಲ್ಲು ಹಾಸಿದ್ದು ಇದೆಲ್ಲದರ ಮುಂದೆ ಏನೂ ಅಲ್ಲ. ಖಡಿಯ ಮೇಲೆ ಒಂದೂವರೆ ಇಂಚು ಸಣ್ಣ ಚಿಪ್ಸ್ ಸವರಿ ಸಮ ಮಾಡಿದರು. ಎಲ್ಲ ಸುರುಳಿಗಳ ಎಳೆಯೂ ಒಂದೇ ದಿಕ್ಕಿಗೆ ಮಲಗುವಂತೆ ಹಾಸಿ, ಹಿಂಬದಿಯಿಂದ ಕತ್ತರಿಸಿ, ಕೀಲುಪಟ್ಟಿ ಅಂಟಿಸಿದರು. ಎಳೆಗಳ ನಡುವೆ ಒಣ ಸಿಲಿಕಾ ಉಸುಕು ಬಾಚಿದರು, ಎಳೆ ನೆಟ್ಟಗೆ ನಿಲ್ಲಲು. ರಬ್ಬರ್ ಕಾಳು ಹಾಕೋಣವೇ ಎಂದು ಕೇಳಿದರು, ಬೇಡವೆಂದೆ. ಹಳೆಯ ಟೈರಿನ ಪುಡಿ ಅದು, ಬಿಸಿಲಿಗೆ ಇನ್ನಷ್ಟು ಕಾಯುತ್ತದೆ, ಮಳೆಗೆ ತೇಲಿ ಗಟಾರ ಸೇರುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ಇಂಥ ಪ್ಲಾಸ್ಟಿಕ್ ಕಾಳುಗಳ ಮಾರಾಟಕ್ಕೆ ನಿಷೇಧ ಹೇರಿ, ಆಟದ ಮೈದಾನಗಳಿಗೆ ಎಂಟು ವರ್ಷದ ಗಡುವು ಕೊಟ್ಟಿದೆ.

ಹೊಗಳಿಕೊಂಡದ್ದು ಸಾಕು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಡುವುದು ಸಾಧ್ಯವಿಲ್ಲ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಹುಲ್ಲು 60 ಡಿಗ್ರಿ ದಾಟುವುದುಂಟು, ನಿಜವಾದ ಹುಲ್ಲಾದರೆ ತಾನೇ ಬೆವರಿ ತಂಪಾಗಿರುತ್ತದೆ. ಎರೆಹುಳು ಇಲ್ಲ, ಹುಳು ಹೆಕ್ಕಲು ಬರುತ್ತಿದ್ದ ಗೊರವಂಕವೂ ಇಲ್ಲ. ಚೌತಿಯ ದಿನ ನನ್ನ ಹೆಂಡತಿ ಹಸಿರು ಅಂಗಳ ದಾಟಿ, ಖಾಲಿ ಸೈಟಿಗೆ ಹೋಗಿ ಗಣಪತಿಗೆ ಕರಕಿ ಕಿತ್ತು ತಂದಳು. ಕಾಕಾ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡಿದರು, ಆದರೆ ಆ ದಿನ ಎಮ್ಮೆಯ ಮಾತು ಎತ್ತಲಿಲ್ಲ. ಹಬ್ಬವೆಂದು ಬಿಟ್ಟಿರಬೇಕು.

ಮಳೆಯ ವಿಷಯಕ್ಕೆ ಬಂದರೆ, ಆಷಾಢದ ಒಂದು ರಾತ್ರಿ ಗಂಟೆಗಟ್ಟಲೆ ಸುರಿಯಿತು. ಕಾಕಾ ಮುಂಜಾನೆ ಎದ್ದವರೇ ಹುಲ್ಲನ್ನು ತಿರುಗಿಯೂ ನೋಡದೆ ನೇರ ಗಟಾರದ ಮೂಲೆಗೆ ಹೋಗಿ, ಬಗ್ಗಿ ನೋಡಿ, “ಹರಿಲಿಕ್ಕೆ ಹತ್ತೈತಿ” ಎಂದು ಬಂದರು. ಅಂಗಳ ಒದ್ದೆಯಿತ್ತು, ನೀರು ನಿಂತಿರಲಿಲ್ಲ. ಪಕ್ಕದವರು ಇದನ್ನು ಕಾಂಪೌಂಡಿನ ಆಚೆಯಿಂದ ಗಮನಿಸುತ್ತಲೇ ಇದ್ದರು. ಸಂಜೆ ಚಹಾಕ್ಕೆ ಬಂದು, ಬಹಳ ಹೊತ್ತು ಬೇರೆ ಮಾತಾಡಿ, ಕೊನೆಗೆ ಕೇಳಿದರು: ತಮ್ಮ ಹುಲ್ಲನ್ನು ಎತ್ತಿಸಿ ಕೆಳಗೆ ಒಂದು ಪೈಪು ಹಾಕಿಸಿ, ಅದನ್ನು ನಮ್ಮ ಪೈಪಿಗೇ ಜೋಡಿಸಿಬಿಟ್ಟರೆ ಹೇಗೆ? ಅಗೆತದ ಅರ್ಧ ಖರ್ಚು ಉಳಿಯುತ್ತದೆ, ನೆರೆಹೊರೆಯವರು ಎಂದ ಮೇಲೆ ಇಷ್ಟೂ ಆಗದಿದ್ದರೆ ಹೇಗೆ? ಅವರ ಅಂಗಳ ನಮ್ಮದಕ್ಕಿಂತ ಒಂದು ಗೇಣು ತಗ್ಗಿನಲ್ಲಿದೆ. ಜೋಡಿಸಿದರೆ ಅವರ ನೀರು ಇಲ್ಲಿಗೆ ಬರುವುದಿಲ್ಲ, ನಮ್ಮದು ಅಲ್ಲಿಗೆ ಹೋಗುತ್ತದೆ. ನಾನು ಇದನ್ನು ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ, ಕಾಕಾ ಎದ್ದು, ಬಕೆಟ್ ಎಲ್ಲಿದೆ ಎಂದು ಕೇಳುತ್ತ ಹಿತ್ತಲ ಕಡೆಗೆ ಹೊರಟಿದ್ದರು.